ಪಡದ ಕಾಕಾ ಬಿಟ್ಟು ಹೋದ ಲೆಕ್ಕ

(ಸಂಘದ ಬೆಳ್ಳಿಹಬ್ಬದ ನಿಮಿತ್ತ ನಡೆದ ‘ಹಿರಿಯರ ಸ್ಮರಣೆ’ ಕಾರ್ಯಕ್ರಮದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಒಕ್ಕಲುತನಕ್ಕೆ ಇಳಿದವನು. ಮಾತಿನಲ್ಲಿ ಹೆಚ್ಚು-ಕಡಿಮೆ ಆದರೆ ಹಿರಿಯರು ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು. ಬೆಳ್ಳಿಹಬ್ಬ ಎಂದರೆ ಸಂತೋಷದ ಸಮಾರಂಭ. ಇಂಥಲ್ಲಿ ದುಃಖದ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ಸಂಘದ ಮೊದಲ ಸಭೆಯಲ್ಲಿ ಕುಳಿತವರು, ಮೊದಲ ಶೇರಿನ ಪಾವತಿ ಹರಿಸಿಕೊಂಡವರು, ಇಂದು ಮುಂದಿನ ಸಾಲಿನಲ್ಲಿ ಇರಬೇಕಾಗಿದ್ದವರು ಇಲ್ಲ. ಅವರನ್ನು ನೆನೆಯದೆ ಹಬ್ಬ ಮಾಡಿದರೆ ಹಬ್ಬ ಅರ್ಧವಾಗುತ್ತದೆ.

ಊರಿಗೆಲ್ಲ ಅವರು ‘ಪಡದ ಕಾಕಾ’. ರೇಶನ್ ಕಾರ್ಡಿನಲ್ಲಿದ್ದ ಹೆಸರು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಗೊತ್ತಿರುವ ನಾಲ್ವರೂ ಆ ಹೆಸರಿನಿಂದ ಕರೆದವರಲ್ಲ. ನಾನೂ ಇಲ್ಲಿ ಊರು ಕರೆದ ಹೆಸರಿನಿಂದಲೇ ಕರೆಯುತ್ತೇನೆ.

ಕಾಕಾ ಎಂಥವರು ಎಂದು ತಿಳಿಯಬೇಕಾದರೆ ಮೊದಲು ನಮ್ಮ ಸೀಮೆ ತಿಳಿಯಬೇಕು. ಪಶ್ಚಿಮಕ್ಕೆ ಕೃಷ್ಣಾ ನದಿಯ ದಂಡೆ ಇದೆ. ಕಾಗವಾಡ, ಉಗಾರ, ರಾಯಬಾಗ, ಚಿಕ್ಕೋಡಿ ಕಡೆಗೆ ಹೋದರೆ ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು. ನಿಪ್ಪಾಣಿಗೆ ತಂಬಾಕಿನ ಹೆಸರು. ಅಥಣಿಯಿಂದ ಪೂರ್ವಕ್ಕೆ ಹೊರಳಿ ತೆಲಸಂಗ, ಕೊಹಳ್ಳಿ, ಕಕಮರಿ ಕಡೆ ಬಂದರೆ ಲೆಕ್ಕವೇ ಬೇರೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಬಿಳಿಜೋಳ ಬಿತ್ತಿ ಆಕಾಶ ನೋಡುತ್ತ ಕೂಡುವ ಸೀಮೆ ನಮ್ಮದು. 1972ರ ಬರದ ಕಥೆಯನ್ನು ನಮ್ಮ ಮನೆಗಳಲ್ಲಿ ಇನ್ನೂ ಹೇಳುತ್ತಾರೆ. ಆ ಬರದ ಕಾಲಕ್ಕೆ ಊರು ಬಿಟ್ಟು ದುಡಿಯಲು ಹೋದ ಹುಡುಗರಲ್ಲಿ ಕಾಕಾ ಒಬ್ಬರು. ಅವರು ಹೋದದ್ದು ಸಾಂಗ್ಲಿ ಜಿಲ್ಲೆಯ ತಾಸಗಾವ ಕಡೆಗೆ, ದ್ರಾಕ್ಷಿ ಪಡದಲ್ಲಿ ಕೂಲಿಗೆ.

ಈ ತಾಸಗಾವ ಸೀಮೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಾವು ಇಂದು ಬೆಳೆಯುವ ‘ತಾಸ್-ಎ-ಗಣೇಶ’ ತಳಿಯನ್ನು ಕಂಡುಹಿಡಿದವರು ಯಾವ ದೊಡ್ಡ ಸಾಹೇಬರೂ ಅಲ್ಲ. ತಾಸಗಾವ ತಾಲೂಕಿನ ಬೋರಗಾವದ ವಸಂತರಾವ ಆರ್ವೆ ಎಂಬ ರೈತರು ತಮ್ಮ ಥಾಮ್ಸನ್ ಸೀಡಲೆಸ್ ಪಡದಲ್ಲಿ ಬೇರೆಯಾಗಿ ಕಂಡ ಬಳ್ಳಿಯನ್ನು ಆರಿಸಿ ಬೆಳೆಸಿದ್ದು ಅದು. ‘ಸೋನಾಕಾ’ ತಳಿಯೂ ಹಾಗೆಯೇ. ಸೊಲ್ಲಾಪುರ ಹತ್ತಿರದ ನಾನ್ನಜ ಊರಿನ ರೈತ ನಾನಾಸಾಹೇಬ ಕಾಳೆಯವರು ತಮ್ಮ ಪಡದಲ್ಲಿ ಉದ್ದ ಕಾಳಿನ ಬಳ್ಳಿ ಗುರುತಿಸಿದರು. ಕಪ್ಪು ದ್ರಾಕ್ಷಿ ‘ಶರದ ಸೀಡಲೆಸ್’ ಕೂಡ ಅವರ ಪಡದಿಂದಲೇ ಬಂದದ್ದು. ಬಳ್ಳಿಗಳ ನಡುವೆ ದಿನಾ ಅಡ್ಡಾಡುವ ರೈತನ ಕಣ್ಣಿಗೆ ಬಿದ್ದ ತಳಿಗಳು ಇವು. ಅವರು ಕಡ್ಡಿ ಕಟ್ಟಿಟ್ಟುಕೊಂಡು ಕೂಡಲಿಲ್ಲ. ಊರಿಂದ ಊರಿಗೆ ಕಡ್ಡಿ ನಡೆದವು, ನಮ್ಮ ತನಕವೂ ಬಂದವು.

ಅದೇ ಕಾಲಕ್ಕೆ ಕೊಲ್ಲಾಪುರ ಕಡೆ ಶ್ರೀಪಾದ ದಾಭೋಳಕರ ಎಂಬ ಗಣಿತದ ಪ್ರಾಧ್ಯಾಪಕರಿದ್ದರು. ಗಾರಗೋಟಿಯ ಮೌನಿ ವಿದ್ಯಾಪೀಠದಲ್ಲಿ ಕಲಿಸುತ್ತಿದ್ದವರು. ಅವರು ‘ಪ್ರಯೋಗ ಪರಿವಾರ’ ಎಂದು ಕಟ್ಟಿದರು. ಅದಕ್ಕೆ ದೊಡ್ಡ ಕಟ್ಟಡ ಇಲ್ಲ, ಸಾಹೇಬ-ಸಿಪಾಯಿ ಇಲ್ಲ. ರೈತರು ತಮ್ಮ ಹೊಲದಲ್ಲಿ ಪ್ರಯೋಗ ಮಾಡಬೇಕು, ಬಂದ ಫಲವನ್ನು ಬರೆದಿಡಬೇಕು, ಒಬ್ಬರಿಗೊಬ್ಬರು ತಿಳಿಸಬೇಕು. ಇಷ್ಟೇ ನಿಯಮ. ಎಲೆ ಎಷ್ಟು ಬಿಸಿಲು ಹಿಡಿಯುತ್ತದೆ, ಎಷ್ಟು ಎಲೆಗೆ ಎಷ್ಟು ಹಣ್ಣು ಎಂಬುದನ್ನು ಆ ಗಣಿತದ ಮಾಸ್ತರರು ರೈತರಿಗೆ ಲೆಕ್ಕ ಹಾಕಿ ತೋರಿಸಿದರು. 1985ರಲ್ಲಿ ಅವರಿಗೆ ಜಮನಾಲಾಲ ಬಜಾಜ ಪ್ರಶಸ್ತಿ ಬಂತು. 2001ರಲ್ಲಿ ತೀರಿಕೊಂಡರು.

ನಮ್ಮ ಕಾಕಾ ನಾಲ್ಕನೆಯ ಇಯತ್ತೆ ತನಕ ಓದಿದವರು. ಕೂಲಿ ಮಾಡುತ್ತಲೇ ಆ ಭಾಗದ ಪಡಗಳಲ್ಲಿ ಇದನ್ನೆಲ್ಲ ನೋಡಿದರು, ಕೇಳಿದರು. ಅಲ್ಲಿಂದ ಬರುವಾಗ ಎರಡು ವಸ್ತು ತಂದರು. ಒಂದು ದ್ರಾಕ್ಷಿ ಕಡ್ಡಿಯ ಕಟ್ಟು, ಇನ್ನೊಂದು ಲೆಕ್ಕ ಬರೆದಿಡುವ ಚಟ. ಕಡ್ಡಿ ತಂದವರು ನಮ್ಮ ಸೀಮೆಯಲ್ಲಿ ಬೇರೆಯವರೂ ಇದ್ದಾರೆ. ಆದರೆ ವಹಿ ಬರೆಯುವ ಚಟವನ್ನು ಕೊನೆತನಕ ನಡೆಸಿದವರು ನನಗೆ ಗೊತ್ತಿದ್ದಂತೆ ಅವರೊಬ್ಬರೇ.

1980ರ ದಶಕದಲ್ಲಿ ಅವರು ಮೊದಲ ಪಡ ಹಚ್ಚಿದಾಗ ಊರವರು ನಕ್ಕರಂತೆ. ‘ಜ್ವಾಳಾ ತಿನ್ನೂ ಮಂದಿಗೆ ದ್ರಾಕ್ಷಿ ಯಾಕ ಬೇಕೋ’ ಎಂದರಂತೆ. ನಕ್ಕವರ ಮನೆಗಳಲ್ಲಿ ನಮ್ಮ ಮನೆಯೂ ಒಂದು. ಮುಂದೆ ಆ ಮನೆಗಳವರೇ ಒಬ್ಬೊಬ್ಬರಾಗಿ ಅವರ ಕಟ್ಟೆಗೆ ಹೋಗಿ ಕೂತರು. ಕಾಕಾ ಯಾರನ್ನೂ ‘ಅಂದು ನಕ್ಕಿದ್ದಿಯಲ್ಲ’ ಎಂದು ಚುಚ್ಚಲಿಲ್ಲ.

ಅವರು ಕಲಿಸುವ ರೀತಿಯೇ ಬೇರೆ ಇತ್ತು. ಹೊಸಬ ಯಾರಾದರೂ ಬಂದರೆ ಚಹಾಕ್ಕಿಂತ ಮೊದಲು ಪಡದೊಳಗೆ ಕರೆದುಕೊಂಡು ಹೋಗಿ, ಒಂದು ಕಡ್ಡಿ ಹಿಡಿದು, ‘ಎಲಿ ಎಣಸು’ ಎನ್ನುತ್ತಿದ್ದರು. ಎಣಿಸಿ ಹೇಳಬೇಕು. ‘ಗೊನಿ ಮ್ಯಾಲ ಹತ್ತ-ಹನ್ನೆರಡ ಎಲಿ ಇಲ್ಲಂದ್ರ ಅದಕ್ಕ ಉಣ್ಣಾಕ ಕೊಡಾವ್ರ ಯಾರು? ನಿನ್ನ ಹೆಂಡ್ತಿ ಒಲಿ ಹಚ್ಚದ ನೀ ಗಂಗಾಳ ಹಿಡ್ಕೊಂಡ ಕುಂತಂಗ ಆತು’ ಎನ್ನುತ್ತಿದ್ದರು. ನಗುನಗುತ್ತಲೇ ಪಾಠ ತಲೆಗೆ ಇಳಿಯುತ್ತಿತ್ತು.

ಅವರ ಇನ್ನೊಂದು ಮಾತು ನಮ್ಮ ಭಾಗದ ಬೆಳೆಗಾರರಿಗೆಲ್ಲ ಬಾಯಿಪಾಠ ಆಗಿದೆ. ‘ಹಣ್ಣ ಅಕ್ಟೋಬರದಾಗ ಹುಟ್ಟೂದಿಲ್ಲ, ಏಪ್ರಿಲ್-ಮೇದಾಗ ಹುಟ್ಟತೈತಿ.’ ದ್ರಾಕ್ಷಿ ಬೆಳೆಯದವರು ಇದರ ಅರ್ಥ ತಿಳಿಯಬೇಕು. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಚಾಟಣಿ. ಏಪ್ರಿಲ್ ಚಾಟಣಿ ಕಡ್ಡಿಗಾಗಿ, ಅಕ್ಟೋಬರ್ ಚಾಟಣಿ ಹಣ್ಣಿಗಾಗಿ. ಹಣ್ಣು ಕಾಣುವುದು ಅಕ್ಟೋಬರ್ ನಂತರವೇ. ಆದರೆ ಕಣ್ಣಿನೊಳಗೆ ಗೊನೆ ಕಟ್ಟುವುದು ಏಪ್ರಿಲ್ ಚಾಟಣಿ ಆದ ಮೇಲಿನ ಒಂದೆರಡು ತಿಂಗಳಲ್ಲಿ. ಆ ದಿನಗಳಲ್ಲಿ ಕಡ್ಡಿ ದಟ್ಟವಾಗಿ ನೆರಳು ಬಿದ್ದರೆ, ಮೋಡ ಮುಸುಕಿದರೆ, ನೀರು-ಗೊಬ್ಬರ ತಪ್ಪಿದರೆ ಅಕ್ಟೋಬರದಲ್ಲಿ ಎಷ್ಟು ಔಷಧ ಹೊಡೆದರೂ ಇಲ್ಲದ ಗೊನೆ ಬರುವುದಿಲ್ಲ. ಬೇಸಿಗೆಯಲ್ಲಿ ಹಣ್ಣಿಲ್ಲ ಎಂದು ಪಡದ ಕಡೆ ಬೆನ್ನು ತಿರುಗಿಸಿ ಜಾತ್ರೆ, ಮದುವೆ ಎಂದು ಅಡ್ಡಾಡುವವರಿಗೆ ಕಾಕಾ ಈ ಮಾತು ಹೇಳುತ್ತಿದ್ದರು. ಇದು ಬರೇ ದ್ರಾಕ್ಷಿಯ ಮಾತಲ್ಲ. ಮಕ್ಕಳ ವಿದ್ಯೆಗೂ ಇದೇ ಮಾತು, ನಮ್ಮ ಸಂಘಕ್ಕೂ ಇದೇ ಮಾತು.

ಬೋರ್ಡೋ ದ್ರಾವಣ ಮಾಡುವುದನ್ನು ಅವರಿಂದ ಕಲಿತವರು ಈ ಸಭೆಯಲ್ಲಿ ಕೈ ಎತ್ತಿದರೆ ಅರ್ಧ ಸಭೆ ಎತ್ತುತ್ತದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಆಮೇಲೆ ಒಂದು ಕುಡಗೋಲು ಅದರೊಳಗೆ ಅದ್ದಿ ತೆಗೆಯಬೇಕು. ಕಬ್ಬಿಣಕ್ಕೆ ಕೆಂಪು ತಾಮ್ರ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ‘ಅಂಗಡಿಯಾಂವ ಸುಳ್ಳ ಹೇಳಬಹುದು, ಕುಡಗೋಲ ಸುಳ್ಳ ಹೇಳೂದಿಲ್ಲ’ ಎನ್ನುತ್ತಿದ್ದರು.

ಪಡದಲ್ಲಿ ದುಡಿಯುವ ಹೆಣ್ಣುಮಕ್ಕಳ ಮಾತಿಗೆ ಅವರಷ್ಟು ಬೆಲೆ ಕೊಟ್ಟವರನ್ನು ನಾನು ನೋಡಿಲ್ಲ. ಕಾಳು ಬಿಡಿಸುವವರು, ಗೊನೆ ಅದ್ದುವವರು, ಕತ್ತರಿ ಹಿಡಿದವರು ಎಲ್ಲ ನಮ್ಮ ತಾಯಂದಿರು, ಅಕ್ಕ-ತಂಗಿಯರು. ದಿನವಿಡೀ ಹಂದರದ ಕೆಳಗೆ ತಲೆ ಎತ್ತಿ ನಿಂತವರಿಗೆ ಎಲೆಯ ಕೆಳಬದಿ ಮೊದಲು ಕಾಣುತ್ತದೆ. ದಾವಣಿ ರೋಗ ಬಿಳಿಯಾಗಿ ಕಾಣುವುದೂ ಅಲ್ಲಿಯೇ. ಕಾಕಾ ಸಂಜೆ ಆಳುಗಳು ಮನೆಗೆ ಹೋಗುವಾಗ ಒಬ್ಬೊಬ್ಬರನ್ನೂ ‘ಇವತ್ತ ಏನ ಕಂಡಿ ಯವ್ವಾ’ ಎಂದು ಕೇಳಿ, ಅವರು ಹೇಳಿದ್ದನ್ನು ವಹಿಯಲ್ಲಿ ಬರೆಯುತ್ತಿದ್ದರು. ಬರೆದವರ ಹೆಸರಿನಲ್ಲಿ ಅಲ್ಲ, ಕಂಡವರ ಹೆಸರಿನಲ್ಲಿ.

ಸಹಕಾರ ನಮ್ಮ ನಾಡಿಗೆ ಹೊಸದೇನಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿಸಿದರು. ನಮ್ಮ ಊರಿನಲ್ಲಿ ಸಂಘ ಕಟ್ಟುವಾಗ ಮನೆ ಮನೆಗೆ ಹೋಗಿ ಶೇರು ಕೂಡಿಸಿದವರಲ್ಲಿ ಕಾಕಾ ಮುಂದೆ ಇದ್ದರು. ನಿರ್ದೇಶಕರಾಗಿದ್ದಷ್ಟು ಕಾಲ ಒಂದು ಪದ್ಧತಿ ನಡೆಸಿದರು. ಪಡಕ್ಕೆ ಸಾಲ ಕೇಳಿ ಅರ್ಜಿ ಬಂದರೆ ಉತಾರ ನೋಡುವ ಮೊದಲು ಬಾವಿ ನೋಡಬೇಕು. ಬೇಸಿಗೆಯಲ್ಲಿ, ಅದೂ ಮೇ ತಿಂಗಳಲ್ಲಿ. ನೀರು ಕಾಣದಿದ್ದರೆ ಅರ್ಜಿದಾರ ಸ್ವಂತ ಅಳಿಯನಾದರೂ ‘ಬ್ಯಾಡಪಾ’ ಎನ್ನುತ್ತಿದ್ದರು. ಇದರಿಂದ ಅವರಿಗೆ ವಿರೋಧಿಗಳೂ ಆದರು. ‘ತಾ ಬೆಳದಾನ, ಮಂದಿಗೆ ಬೆಳ್ಯಾಕ ಬಿಡೂದಿಲ್ಲ’ ಎಂದು ಕಟ್ಟೆಯ ಮೇಲೆ ಆಡಿಕೊಂಡವರು ಇದ್ದಾರೆ. ಕಾಕಾ ಅದಕ್ಕೆ ಉತ್ತರ ಕೊಡಲು ಹೋಗಲಿಲ್ಲ. ತಮ್ಮ ಕೊನೆಯ ವರ್ಷಗಳಲ್ಲಿ ಬೋರಿನ ನೀರು ಕಡಿಮೆಯಾದಾಗ ಸ್ವಂತ ಪಡದಲ್ಲಿಯೇ ಒಂದು ಎಕರೆ ಕಿತ್ತು ಜೋಳ ಬಿತ್ತಿದರು. ‘ನೀರ ಇದ್ದಷ್ಟ ಪಡ, ಕಾಲ ಇದ್ದಷ್ಟ ಹಾಸಿಗಿ’ ಎಂದರು. ಅಂದು ಆಡಿಕೊಂಡವರು ಸುಮ್ಮನಾದರು.

ಕಷ್ಟದ ಕಾಲದಲ್ಲಿ ಅವರು ಹೇಗೆ ನಿಂತರು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. 2019ರ ವರ್ಷ ಯಾರೂ ಮರೆಯುವಂಥದ್ದಲ್ಲ. ಆಗಸ್ಟಿನಲ್ಲಿ ಕೃಷ್ಣಾ ಉಕ್ಕಿ ನದಿ ದಂಡೆಯ ನಮ್ಮ ಬಂಧುಗಳ ಮನೆ, ಕಬ್ಬು, ದನ ಎಲ್ಲ ನೀರುಪಾಲಾದವು. ದೀಪಾವಳಿ ಹೊತ್ತಿಗೆ ಅಕಾಲಿಕ ಮಳೆ ಹಿಡಿದು ಸಾಂಗ್ಲಿ, ಸೊಲ್ಲಾಪುರ, ನಾಸಿಕ ತನಕ ದ್ರಾಕ್ಷಿಗೆ ಪೆಟ್ಟು ಬಿತ್ತು. ಹೂವಿನ ಮುಂದೆ ಮಳೆ ಬಂದರೆ ದಾವಣಿ, ಗೊನೆ ಕೊಳೆತ. ಅದರೊಳಗೆ ಉಳಿದ ಹಣ್ಣು ಕೈಗೆ ಬಂತು ಎನ್ನುವಷ್ಟರಲ್ಲಿ 2020ರ ಮಾರ್ಚ್ 25ರಿಂದ ಕೊರೋನಾದ ಲಾಕ್‌ಡೌನ್. ವ್ಯಾಪಾರಿ ಬರಲಿಲ್ಲ, ಗಾಡಿ ನಡೆಯಲಿಲ್ಲ, ಮುಂಬಯಿ-ಬೆಂಗಳೂರು ಪೇಟೆ ಮುಚ್ಚಿದವು. ಮಾಗಿದ ಹಣ್ಣು ಬಳ್ಳಿಯಲ್ಲಿ ಎಷ್ಟು ದಿನ ನಿಂತೀತು?

ಆ ಹೊತ್ತಿಗೆ ಎಪ್ಪತ್ತು ದಾಟಿದ ಕಾಕಾ ಬಾಯಿಗೆ ಟವೆಲ್ ಕಟ್ಟಿಕೊಂಡು ಪಡದಿಂದ ಪಡಕ್ಕೆ ನಡೆದರು. ‘ಅಳಬ್ಯಾಡ್ರಿ, ಮಣೂಕ ಮಾಡ್ರಿ’ ಎಂದು ಒಂದೇ ಮಾತು. ಮಾರುವ ಹಣ್ಣು ಬೆಳೆದವರಿಗೆ ಮಣೂಕದ ಕೆಲಸ ಗೊತ್ತಿರಲಿಲ್ಲ. ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ನೀರಿನಲ್ಲಿ ಗೊನೆ ಅದ್ದುವುದು, ನೆರಳಿನಲ್ಲಿ ಜಾಳಿಗೆಯ ಮೇಲೆ ತೆಳ್ಳಗೆ ಹರಡುವುದು, ಎರಡು ವಾರ ಕಾಯುವುದು, ಎಲ್ಲವನ್ನೂ ನಿಂತು ತೋರಿಸಿದರು. ತಮ್ಮ ಶೆಡ್ಡಿನಲ್ಲಿ ಮೊದಲು ಸಣ್ಣ ಹಿಡುವಳಿದಾರರ ಹಣ್ಣು ಹಾಕಿಸಿ, ತಮ್ಮದನ್ನು ಕೊನೆಗೆ ಹಾಕಿದರು. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ. ತೂಕ ಇಳಿಯಿತು, ನಿಜ. ಆದರೆ ಕೊಳೆತು ಹೋಗುವ ಮಾಲು ವರ್ಷ ಇಡಬಹುದಾದ ಮಾಲಾಯಿತು. ಆ ವರ್ಷ ನಮ್ಮ ಊರಿನಲ್ಲಿ ಕೆಲವು ಮನೆಗಳ ದೀಪ ಉಳಿದದ್ದು ಅದರಿಂದ. ಯಾವ ಮನೆಗಳು ಎಂದು ಹೇಳುವುದಿಲ್ಲ. ಆ ಮನೆಯವರು ಇಲ್ಲಿಯೇ ಕೂತಿದ್ದಾರೆ, ಅವರಿಗೆ ಗೊತ್ತು.

ಈ ಸಲದ ಏಪ್ರಿಲ್ ಚಾಟಣಿ ಮುಗಿಸಿ, ಕತ್ತರಿಗೆ ಎಣ್ಣೆ ಹಚ್ಚಿ ಗೂಟಕ್ಕೆ ತೂಗುಹಾಕಿ, ವಾರದೊಳಗೆ ಕಾಕಾ ಲಿಂಗೈಕ್ಯರಾದರು. ಹೆಚ್ಚು ದಿನ ಹಾಸಿಗೆ ಹಿಡಿಯಲಿಲ್ಲ. ಅವರ ಮಣ್ಣಿಗೆ ಬಂದ ಮಂದಿಯನ್ನು ನೋಡಿ ನಮಗೇ ಆಶ್ಚರ್ಯವಾಯಿತು. ಜತ್ತ ತಾಲೂಕಿನವರು, ತಿಕೋಟಾ-ಬಬಲೇಶ್ವರ ಕಡೆಯವರು, ತಾಸಗಾವದ ಹಳೆಯ ಪರಿಚಯದವರು ಬಂದಿದ್ದರು. ಕನ್ನಡದಲ್ಲಿ ಅಳುವವರು, ಮರಾಠಿಯಲ್ಲಿ ಅಳುವವರು ಒಂದೇ ಬದುವಿನ ಮೇಲೆ ನಿಂತಿದ್ದರು. ಪಡದ ಅಂಚಿನಲ್ಲಿ, ಅವರೇ ತೋರಿಸಿದ್ದ ಜಾಗದಲ್ಲಿ ಸಮಾಧಿ ಆಯಿತು. ಅಂದು ಆಳಿನ ಹೆಣ್ಣುಮಕ್ಕಳೊಬ್ಬರು ‘ಇನ್ನ ಸಂಜೀಕ ನಮ್ಮನ್ನ ಯಾರ ಕೇಳತಾರೋ’ ಎಂದು ಅತ್ತದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಬಂಧುಗಳೇ, ಆ ತಾಯಿಯ ಪ್ರಶ್ನೆಯೇ ಇಂದು ನಮ್ಮೆಲ್ಲರ ಮುಂದಿರುವ ಪ್ರಶ್ನೆ. ಇನ್ನು ಯಾರು ಕೇಳುತ್ತಾರೆ? ಯಾರು ಹೇಳುತ್ತಾರೆ?

ಇವತ್ತು ಪಡದಲ್ಲಿ ಒಂದು ಎಲೆ ಹಳದಿಯಾದರೆ ನಮ್ಮ ಹುಡುಗರು ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸುತ್ತಾರೆ. ಐದು ನಿಮಿಷದಲ್ಲಿ ಐದು ಔಷಧದ ಹೆಸರು ಬರುತ್ತವೆ. ಬೇಡ ಎನ್ನುವುದಿಲ್ಲ, ಅದರಿಂದ ಉಪಯೋಗವೂ ಇದೆ. ಪುಣೆಯಲ್ಲಿ 1997ರಿಂದ ದ್ರಾಕ್ಷಿಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ, ಅಲ್ಲಿಯ ವಿಜ್ಞಾನಿಗಳ ಸಲಹೆ ತೆಗೆದುಕೊಳ್ಳಬೇಕು. ಆದರೆ ಹೆಚ್ಚಿನ ಮನೆಗಳಲ್ಲಿ ಸಲಹೆ ಕೊಡುವವನೂ ಔಷಧ ಮಾರುವವನೂ ಉದ್ರಿ ಬರೆಯುವವನೂ ಒಬ್ಬನೇ ಆಗಿದ್ದಾನೆ. ಬೇಡವಾದ ಔಷಧವನ್ನು ‘ಬೇಡ’ ಎಂದು ಹೇಳುವುದರಿಂದ ಅವನಿಗೇನು ಲಾಭ? ‘ಈ ವಾರ ಏನೂ ಹೊಡೀಬ್ಯಾಡ, ಗಾಳಿ ಬೀಸೈತಿ, ಎಲಿ ಒಣಗತಾವ’ ಎಂದು ಹೇಳುವ ಕಾಕಾ ಈಗ ಇಲ್ಲ. ಅಂಗಡಿಯ ಉದ್ರಿ ತೀರಿಸಲು ಸಂಘದ ಸಾಲ, ಸಂಘದ ಸಾಲ ತೀರಿಸಲು ಕೈಗಡ. ಈ ಸುತ್ತಿನಲ್ಲಿ ಸಿಕ್ಕವರ ಹೆಸರು ನಿರ್ದೇಶಕರಾದ ನಮಗೆ ಕಟಬಾಕಿ ಪಟ್ಟಿಯಲ್ಲಿ ಕಾಣುತ್ತದೆ. ಹಬ್ಬದ ದಿನ ಈ ಮಾತು ಕಹಿ ಅನಿಸಿದರೂ ಹೇಳುವುದು ನನ್ನ ಕರ್ತವ್ಯ.

ಇನ್ನೊಂದು ಸಂಗತಿ. ಕಾಕಾನವರ ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾರೆ. ಪಡ ನೋಡಿಕೊಳ್ಳುವುದು ಕಷ್ಟ, ಬಹುಶಃ ಕೀಳಬೇಕಾಗುತ್ತದೆ ಎಂದಿದ್ದಾರೆ. ಅವರನ್ನು ದೂರುವುದು ಸರಿಯಲ್ಲ. ನಮ್ಮ ನಿಮ್ಮ ಮನೆಯ ಮಕ್ಕಳೂ ಅದೇ ದಾರಿಯಲ್ಲಿದ್ದಾರೆ. ಆದರೆ ಅವರು ಒಂದು ದೊಡ್ಡ ಕೆಲಸ ಮಾಡಿದ್ದಾರೆ. ತಂದೆಯ ವಹಿಗಳನ್ನೆಲ್ಲ ಒಂದು ಟ್ರಂಕಿನಲ್ಲಿ ತುಂಬಿ ಸಂಘಕ್ಕೆ ತಂದು ಕೊಟ್ಟಿದ್ದಾರೆ. ಚಾಟಣಿಯ ದಿನ, ಮಳೆ ಬಿದ್ದ ದಿನ, ರೋಗ ಕಂಡ ದಿನ, ಯಾವ ಔಷಧಕ್ಕೆ ಎಷ್ಟು ಖರ್ಚು, ಯಾವುದರಿಂದ ಗುಣ ಬಂತು, ಯಾವುದರಿಂದ ಬರಲಿಲ್ಲ, ಎಲ್ಲ ಇದೆ. ಗೆದ್ದ ವರ್ಷಗಳಿಗಿಂತ ಸೋತ ವರ್ಷಗಳನ್ನು ಹೆಚ್ಚು ವಿವರವಾಗಿ ಬರೆದಿದ್ದಾರೆ. ‘ಗೆದ್ದದ್ದ ಊರೆಲ್ಲ ಹೇಳತೈತಿ, ಸೋತದ್ದ ನಾನ ಬರೀಬೇಕು’ ಎನ್ನುತ್ತಿದ್ದರು.

ಆದ್ದರಿಂದ ಈ ಸಭೆಯ ಮುಂದೆ ನಾನು ಮೂರು ಸೂಚನೆ ಇಡುತ್ತೇನೆ. ಮೊದಲನೆಯದು, ಆ ವಹಿಗಳನ್ನು ಕಪಾಟಿನಲ್ಲಿ ಇಟ್ಟು ಹೂಮಾಲೆ ಹಾಕುವುದು ಬೇಡ. ಕಲಿತ ಹುಡುಗರು ಕೂತು ಅವನ್ನು ಚೊಕ್ಕವಾಗಿ ಬರೆದು, ಯಾವ ಸದಸ್ಯ ಬಂದರೂ ಓದಲು ಸಂಘದ ಮೇಜಿನ ಮೇಲೆ ಇಡಬೇಕು. ಎರಡನೆಯದು, ತಿಂಗಳಿಗೊಮ್ಮೆ ಸದಸ್ಯರೆಲ್ಲ ಒಬ್ಬೊಬ್ಬರ ಪಡದಲ್ಲಿ ಕೂಡಬೇಕು. ಪಡದ ಮಾಲೀಕ ಖರ್ಚು-ಉತ್ಪನ್ನದ ಲೆಕ್ಕ ಮುಚ್ಚದೆ ಹೇಳಬೇಕು. ಕೆಲಸದ ಹೆಣ್ಣುಮಕ್ಕಳೂ ಆ ಸಭೆಯಲ್ಲಿ ಕೂತು ಮಾತನಾಡಬೇಕು. ಮೂರನೆಯದು, ಮೇ ತಿಂಗಳಲ್ಲಿ ಬಾವಿ ನೋಡದೆ ಹೊಸ ಪಡಕ್ಕೆ ಸಾಲ ಕೊಡುವ ಪದ್ಧತಿ ನಿಲ್ಲಬೇಕು. ಈಗ ಕಚೇರಿಯಲ್ಲಿರುವ ಅರ್ಜಿಗಳಿಗೂ ಇದು ಅನ್ವಯಿಸಬೇಕು. ಅದರಲ್ಲಿ ನನ್ನ ತಮ್ಮನ ಅರ್ಜಿಯೂ ಇದೆ. ಅವನ ಬಾವಿಯನ್ನೇ ಮೊದಲು ನೋಡಿರಿ.

ಸಂಘ ಎಂದರೆ ಬರೇ ದುಡ್ಡಿನ ಪೆಟ್ಟಿಗೆ ಅಲ್ಲ. ದುಡ್ಡನ್ನು ಬ್ಯಾಂಕೂ ಕೊಡುತ್ತದೆ. ಆರ್ವೆಯವರಿಂದ, ಕಾಳೆಯವರಿಂದ, ದಾಭೋಳಕರ ಮಾಸ್ತರರಿಂದ ಕೈಯಿಂದ ಕೈಗೆ ಬಂದ ವಿದ್ಯೆ ಕಾಕಾನವರ ಮೂಲಕ ನಮ್ಮ ಒಣ ಸೀಮೆಗೆ ಬಂತು. ಯಾರೂ ಅದಕ್ಕೆ ಬಿಲ್ಲು ಹರಿಯಲಿಲ್ಲ. ಅದು ನಮ್ಮ ಕೈಯಲ್ಲಿ ನಿಲ್ಲಬಾರದು. ಇಪ್ಪತ್ತೈದು ವರ್ಷ ನಾವು ಸಾಲದ ಲೆಕ್ಕ ಇಟ್ಟಿದ್ದೇವೆ. ಇನ್ನು ಮುಂದಿನ ವರ್ಷಗಳಲ್ಲಿ ಅನುಭವದ ಲೆಕ್ಕವನ್ನೂ ಇಡೋಣ.

ಕಾಕಾನವರ ಆತ್ಮಕ್ಕೆ ಶಾಂತಿ ಸಿಗಲಿ, ಅವರ ಕುಟುಂಬಕ್ಕೆ ಈ ದುಃಖ ತಡೆಯುವ ಶಕ್ತಿ ಬರಲಿ. ಸಭೆಯ ಎಲ್ಲರೂ ಒಂದು ನಿಮಿಷ ಎದ್ದು ನಿಂತು ಮೌನ ಆಚರಿಸಬೇಕೆಂದು ವಿನಂತಿಸಿ, ನನ್ನ ಎರಡು ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.